ಟ್ಯಾಂಕರ್ ಗೇಟಿಗೆ ಬಂದಾಗ

ಕೇಳುಗರಿಗೆ ನಮಸ್ಕಾರ.

ಹಾಲು ಅಪಾಯಕಾರಿಯೇ? ಯಾರನ್ನು ಕೇಳಿದರೂ ಅಲ್ಲ ಅಂತಾರೆ. ಆದರೆ ಒಂದು ಟ್ಯಾಂಕರ್ ಹಾಲನ್ನು ಸಣ್ಣ ಕೊಳಕ್ಕೆ ಸುರಿದರೆ ಮೀನುಗಳು ಸತ್ತು ತೇಲುತ್ತವೆ. ಹಾಲಿನಲ್ಲಿ ವಿಷವೇನೂ ಇಲ್ಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಈ ಆಮ್ಲಜನಕದ ಹಸಿವಿಗೆ ಒಂದು ಅಳತೆ ಇದೆ, ಬಿಒಡಿ ಅಂತ. ಮನೆಗಳ ಚರಂಡಿ ನೀರಿನಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಹಾಲಿನಲ್ಲಿ ಒಂದು ಲಕ್ಷದ ಆಸುಪಾಸು!

ಕಾರ್ಖಾನೆಗಳಿಂದ ಬರುವ 'ಅಪಾಯಕಾರಿಯಲ್ಲದ' ತ್ಯಾಜ್ಯ ನೀರಿನ ಕಥೆಯೂ ಇದೇ. ಆ ಹೆಸರು ಕೇಳಿ ಸಮಾಧಾನ ಪಡುವ ಹಾಗಿಲ್ಲ. ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವುದಿಲ್ಲ, ಲೋಹವನ್ನು ತಿನ್ನುವಷ್ಟು ತೀಕ್ಷ್ಣವಾಗಿಲ್ಲ, ಸಿಡಿಯುವುದಿಲ್ಲ, ವಿಷದ ಅಂಶ ಕಾನೂನಿನ ಮಿತಿ ದಾಟಿಲ್ಲ. ಅದರ ಅರ್ಥ ಇಷ್ಟೇ. ಯಂತ್ರ ತೊಳೆದ ನೀರು, ಎಣ್ಣೆ ಬೆರೆತ ನೀರು, ಲೋಹ ಕೊರೆಯುವಾಗ ಬಳಸುವ ಕೂಲೆಂಟ್, ಬಣ್ಣ ತೊಳೆದ ನೀರು, ಕಸದ ಗುಡ್ಡದ ಅಡಿಯಿಂದ ಒಸರುವ ಕಪ್ಪು ರಸ, ಇವೆಲ್ಲ ಈ ಗುಂಪಿಗೆ ಸೇರಬಹುದು. 'ಬಹುದು' ಅಂತ ಬೇಕೆಂದೇ ಹೇಳಿದೆ. ಪರೀಕ್ಷೆ ಮಾಡದೆ ಯಾವುದನ್ನೂ ಸೇರಿಸುವ ಹಾಗಿಲ್ಲ.

ಈ ನೀರು ಟ್ಯಾಂಕರಿನಲ್ಲಿ ಶುದ್ಧ ಮಾಡುವ ಜಾಗಕ್ಕೆ, ಅಂದರೆ ಸಂಸ್ಕರಣ ಘಟಕಕ್ಕೆ ಬರುತ್ತದೆ. ಘಟಕ ಅಂದರೆ ದೊಡ್ಡ ದೊಡ್ಡ ತೊಟ್ಟಿಗಳೇ ಕಣ್ಣ ಮುಂದೆ ಬರುತ್ತವೆ, ಅಲ್ವಾ? ನನ್ನನ್ನು ಕೇಳಿದರೆ ಅರ್ಧ ಕೆಲಸ ಗೇಟಿನಲ್ಲೇ ಮುಗಿಯಬೇಕು.

ಟ್ಯಾಂಕರ್ ಹೊರಡುವ ಎಷ್ಟೋ ದಿನ ಮೊದಲೇ ಕಾರ್ಖಾನೆಯವರು ಒಂದು ಅರ್ಜಿ ತುಂಬಿ ಕಳಿಸಿರುತ್ತಾರೆ. ನೀರು ಯಾವ ಕೆಲಸದಿಂದ ಬಂತು, ಅದರಲ್ಲಿ ಏನೇನಿದೆ, ಎಷ್ಟಿದೆ ಅಂತ. ಜೊತೆಗೆ ಒಂದು ಬಾಟಲಿ ಸ್ಯಾಂಪಲ್. ಲ್ಯಾಬಿನವರು ಅದನ್ನು ಪರೀಕ್ಷಿಸಿ, ನಮ್ಮಲ್ಲಿ ಇದನ್ನು ಶುದ್ಧ ಮಾಡಲು ಆಗುತ್ತದೆ ಅಂದ ಮೇಲೆಯೇ ಟ್ಯಾಂಕರಿಗೆ ದಿನ ಕೊಡುವುದು. ಬಂದ ದಿನ ಮತ್ತೆ ಸ್ಯಾಂಪಲ್ ತೆಗೆಯಬೇಕು. ಅಂದು ಬಂದ ಬಾಟಲಿಗೂ ಇಂದು ಬಂದ ಟ್ಯಾಂಕರಿಗೂ ಹೊಂದಿಕೆ ಇದೆಯೇ?

ಆ ಸ್ಯಾಂಪಲನ್ನು ಮೇಲಿನಿಂದ ಸುಮ್ನೆ ಒಂದು ಲೋಟ ಮೊಗೆದರೆ ಸಾಲದು. ಎಣ್ಣೆ ಮೇಲೆ ತೇಲುತ್ತದೆ, ಕೆಸರು ತಳದಲ್ಲಿ ಕೂರುತ್ತದೆ. ಹಾಗಾಗಿ ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ, ಬಾಯಿ ಮುಚ್ಚಿ ಮೇಲೆತ್ತುತ್ತಾರೆ. ಟ್ಯಾಂಕರಿನ ಎಲ್ಲ ಪದರಗಳೂ ಕೊಳವೆಯಲ್ಲಿ ಸಿಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಮೇಲಿನ ನೀರನ್ನಷ್ಟೇ ನೋಡಿ ತಲೆಯಾಡಿಸಿದ್ದೆ. ತಿಳಿಯಾಗಿತ್ತು. ಹಿರಿಯರೊಬ್ಬರು ಮಾತಾಡದೆ ಕೊಳವೆ ಇಳಿಸಿ ತೋರಿಸಿದರು. ಕೆಳಗಿನ ಒಂದು ಗೇಣು ಟಾರಿನಂಥ ಕಪ್ಪು.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಹೊಸ ನೀರನ್ನೂ ತೊಟ್ಟಿಯಲ್ಲಿ ಈಗಾಗಲೇ ಇರುವ ನೀರನ್ನೂ ಒಂದು ಬೀಕರಿನಲ್ಲಿ ಸ್ವಲ್ಪವೇ ಬೆರೆಸಿ ನೋಡುವುದು. ಗುಳ್ಳೆ ಬಂತೇ? ಬಿಸಿಯಾಯಿತೇ? ಹೊಗೆ ಎದ್ದಿತೇ? ಬೇರೆ ಬೇರೆಯಾಗಿ ಸಾಧುವಾಗಿರುವ ಎರಡು ನೀರು ಸೇರಿದಾಗ ಜಗಳಕ್ಕೆ ನಿಲ್ಲಬಹುದು. ಸಲ್ಫೈಡ್ ಇರುವ ನೀರಿಗೆ ಹುಳಿ ನೀರು ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಅನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂತ ಒಳಗೆ ಇಳಿದವರು ವಾಪಸು ಬರದೆ ಇರಬಹುದು. ಬ್ಲೀಚ್ ಬೆರೆತ ನೀರಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ. ಇದನ್ನೆಲ್ಲ ಬೀಕರಿನಲ್ಲಿ ಕಂಡುಕೊಳ್ಳಬೇಕೇ ಹೊರತು ತೊಟ್ಟಿಯಲ್ಲಿ ಅಲ್ಲ. ಅನುಮಾನ ಬಂದರೆ ಟ್ಯಾಂಕರ್ ವಾಪಸು. ಡ್ರೈವರಿಗೆ ಸಿಟ್ಟು ಬರುತ್ತದೆ, ಬರಲಿ.

ಒಳಗೆ ಹೋದ ಮೇಲಿನದು ಬಹುಪಾಲು ಬೇರ್ಪಡಿಸುವ ಕೆಲಸ. ತೇಲುವ ಎಣ್ಣೆಯನ್ನು ಮೇಲಿನಿಂದ ಕೆನೆಯ ಹಾಗೆ ತೆಗೆಯುತ್ತಾರೆ. ಕೂಲೆಂಟಿನಲ್ಲಿ ಎಣ್ಣೆ ಹಾಲಿನಂತೆ ನೀರಿನೊಳಗೆ ಬೆರೆತುಹೋಗಿರುತ್ತದೆ. ಅದನ್ನು ಒಡೆಯಲು ಆಮ್ಲವೋ ಬಿಸಿಯೋ ಬೇಕು. ಆಮೇಲೆ ಆಲಂ (ಪಟಿಕ) ಅಥವಾ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿದರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಉಂಡೆಯಂತಾಗಿ ಕೆಳಗಿಳಿಯುತ್ತವೆ. ಕರಗಿದ ಲೋಹಗಳು ತಳ ಸೇರಬೇಕಾದರೆ ಸುಣ್ಣ ಹಾಕಿ ಪಿಎಚ್ ಏರಿಸಬೇಕು. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ; ಕ್ಷಾರ ಹೆಚ್ಚಿದಷ್ಟೂ ಅದು ಏರುತ್ತದೆ. ಇಲ್ಲೊಂದು ತಕರಾರಿದೆ. ಕ್ರೋಮಿಯಂ ಪಿಎಚ್ ಸುಮಾರು 8ರಲ್ಲಿ ಚೆನ್ನಾಗಿ ತಳ ಸೇರುತ್ತದೆ, ನಿಕಲ್‌ಗೆ 10ರ ಹತ್ತಿರ ಬೇಕು. ಅಷ್ಟು ಏರಿಸಿದರೆ ಕೂತಿದ್ದ ಕ್ರೋಮಿಯಂ ಮತ್ತೆ ಕರಗಲು ಶುರು! ಎರಡೂ ಇರುವ ನೀರನ್ನು ಎರಡು ಹಂತದಲ್ಲಿ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಯಾಕೆ, ಒಳ್ಳೆ ನೀರು ಬೆರೆಸಿ ಬಿಟ್ಟುಬಿಡಿ ಅನ್ನುವವರಿದ್ದಾರೆ. ಒಂದು ಕಿಲೋ ಲೋಹ ಸಾವಿರ ಲೀಟರಿನಲ್ಲಿದ್ದರೂ ಲಕ್ಷ ಲೀಟರಿನಲ್ಲಿದ್ದರೂ ಒಂದು ಕಿಲೋನೇ. ಹೊಳೆಗೆ ಸೇರುವ ಲೆಕ್ಕದಲ್ಲಿ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ.

ಕೊನೆಗೆ ಉಳಿಯುವುದು ಕೆಸರು. ಅದನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ ಬಿಲ್ಲೆ ಮಾಡುತ್ತಾರೆ. ಅದು ಹೂಳುವಷ್ಟು ಒಣಗಿದೆಯೇ ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಬಣ್ಣ ಸೋಸುವ ಕಾಗದದ ಶಂಕುವಿನಲ್ಲಿ ಒಂದು ಹಿಡಿ ಕೆಸರು ಹಾಕಿ 5 ನಿಮಿಷ ಕಾಯುತ್ತಾರೆ. ಕೆಳಗೆ ಒಂದೇ ಒಂದು ಹನಿ ತೊಟ್ಟಿಕ್ಕಿದರೂ ಆ ಕೆಸರು ಹೂಳುವ ಜಾಗಕ್ಕೆ ಹೋಗುವ ಹಾಗಿಲ್ಲ. ಮತ್ತೆ ಪ್ರೆಸ್ಸಿಗೆ.

ನಮಸ್ಕಾರ.