ಗೋಬರ್ ಗ್ಯಾಸ್ ಪೈಪಿನಲ್ಲಿ ಕೂತ ನೀರು

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದ ಬೆಳಿಗ್ಗೆ ಗೋಬರ್ ಗ್ಯಾಸಿನ ಒಲೆ ಹಚ್ಚಿದರೆ ಉರಿ ನೆಟ್ಟಗೆ ನಿಲ್ಲುವುದಿಲ್ಲ. ಒಮ್ಮೆ ಏಳುತ್ತದೆ, ಒಮ್ಮೆ ಕುಗ್ಗುತ್ತದೆ, ಪುಸುಕ್ ಪುಸುಕ್ ಅನ್ನುತ್ತದೆ. "ಪೈಪಲ್ಲಿ ನೀರು ಕೂತಿದೆ ಮಾರಾಯ, ಹೋಗಿ ಬಿಡಿಸು" ಅಂತ ದೊಡ್ಡಮ್ಮ ಕೂಗುತ್ತಾರೆ.

ಪೈಪಿನೊಳಗೆ ಗ್ಯಾಸಿನ ಜೊತೆ ನೀರಹನಿ ಹೇಗೆ ಹೋಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನನ್ನ ಕೆಲಸ. ಹಾಗಾಗಿ ಈ ಬೈಗುಳ ನನಗೆ ಸ್ವಲ್ಪ ಜಾಸ್ತಿಯೇ ತಾಗುತ್ತದೆ.

ಗುಂಡಿಯಿಂದ ಏಳುವ ಗ್ಯಾಸು ಆವಿ ತುಂಬಿಕೊಂಡೇ ಹೊರಡುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗ್ಯಾಸಿನಲ್ಲಿ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ, ಕೊಟ್ಟಿಗೆ ಗೋಡೆ ಹಿಡಿದು ಬರುವಷ್ಟರಲ್ಲಿ ಅದು 20 ಡಿಗ್ರಿಗೆ ತಣಿದರೆ 17 ಗ್ರಾಂ ಅಷ್ಟೇ. ಮಿಕ್ಕ 13 ಗ್ರಾಂ ನೀರು. ದಿನಕ್ಕೆ ಎರಡು ಘನ ಮೀಟರ್ ಉರಿಸಿದರೆ ಹತ್ತು ದಿನಕ್ಕೆ ಕಾಲು ಲೀಟರ್ ಆಯಿತಲ್ವಾ? ಪೈಪು ಜೋತುಬಿದ್ದ ಕಡೆ ಅದು ಕೂರುತ್ತದೆ, ಗ್ಯಾಸು ಅದನ್ನು ನೂಕಿಕೊಂಡು ಗುಳುಗುಳು ಅಂತ ದಾಟಬೇಕು.

ಕಂಪ್ಯೂಟರಿನಲ್ಲಿ ಪೈಪಿನ ಒಳಗನ್ನು ಸಾವಿರಾರು ಪುಟ್ಟ ತುಂಡು ಮಾಡುತ್ತೇವೆ. ಪ್ರತಿ ತುಂಡಿಗೆ ಗ್ಯಾಸು ಎಷ್ಟು ಬಂತು, ಎಷ್ಟು ಹೋಯಿತು, ಒತ್ತಡ ಎಷ್ಟು ಅನ್ನುವ ಲೆಕ್ಕ. ಹನಿಗಳು ಲೆಕ್ಕವಿಲ್ಲದಷ್ಟು, ಒಂದೊಂದರ ಬೆನ್ನು ಹತ್ತಲು ಆಗುವುದಿಲ್ಲ. ಒಂದೇ ಗಾತ್ರದ ಸಾವಿರ ಹನಿಯನ್ನು ಒಂದು ಗಂಟು ಅಂತ ಹಿಡಿದು, ಗಂಟಿಗೊಂದು ದಾರಿ ಕಂಡುಹಿಡಿಯುತ್ತೇವೆ. ಗಾತ್ರದಲ್ಲೇ ಎಲ್ಲ ಇದೆ. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು ದಪ್ಪದ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ 3 ಮಿಲಿಮೀಟರ್ ಇಳಿಯುತ್ತದೆ, 20 ಮೈಕ್ರಾನಿನದು ಅದರ ನಾಲ್ಕರಷ್ಟು. ಸಣ್ಣದು ಗ್ಯಾಸಿನ ಜೊತೆಗೇ ತಿರುಗುತ್ತದೆ. ದಪ್ಪದ್ದು ಆಗುಂಬೆ ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯದ ಬೈಕಿನ ಹಾಗೆ ಸೀದಾ ಹೋಗಿ ಗೋಡೆಗೆ ಬಡಿಯುತ್ತದೆ.

ಓಪನ್‌ಫೋಮ್ ಅಂತ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಇದೆ. ಅದರಲ್ಲಿ ಮನೆ ಪೈಪನ್ನೇ ಹಾಕಿ ನೋಡಿದೆ. ರಾತ್ರಿಯಿಡೀ ಓಡಿತು, ನೀರು ಎಲ್ಲೂ ಕೂರಲಿಲ್ಲ! ದೊಡ್ಡಮ್ಮ ಪರದೆ ನೋಡಿ, "ಇದು ನೆಟ್ಟಗಿದೆಯಲ್ಲೋ, ನಮ್ಮದು ಹೀಗಿದೆಯಾ?" ಅಂದರು. ಹೌದು, ನಾನು ಎಳೆದದ್ದು ಸ್ಕೇಲಿಟ್ಟ ಗೆರೆ. ಹೋಗಿ ಅಳೆದರೆ, ಹಲಸಿನ ಕೊಂಬೆ ಬಿದ್ದ ಜಾಗದಲ್ಲಿ ಪೈಪು ನಾಲ್ಕು ಬೆರಳು ತಗ್ಗಿತ್ತು. ಇನ್ನೊಂದು ಮಾತು, ನಮ್ಮ ಪೈಪಿನಲ್ಲಿ ಗ್ಯಾಸು ಬಲು ನಿಧಾನ, ಹೆಚ್ಚಿನ ನೀರು ಹನಿಯಾಗಿ ಹಾರುವುದೇ ಇಲ್ಲ, ಗೋಡೆಯಲ್ಲೇ ಬೆವರಿ ಇಳಿಯುತ್ತದೆ. ಅದನ್ನೂ ಸೇರಿಸಿದ ಮೇಲೆ ತಗ್ಗಿನಲ್ಲಿ ನೀರು ಕಂಡಿತು.

ಈಗ ಅಲ್ಲೊಂದು ನಲ್ಲಿ ಕೂರಿಸಿದ್ದೇವೆ. ವಾರಕ್ಕೊಮ್ಮೆ ಬಿಟ್ಟರೆ ಒಂದು ಲೋಟದಷ್ಟು ನೀರು ಬರುತ್ತದೆ. ನೀವೂ ಬಿಡುವುದಾದರೆ ಹತ್ತಿರದಲ್ಲಿ ಬೀಡಿ ಹಚ್ಚಿಕೊಂಡವರನ್ನು ಮೊದಲು ಆಚೆ ಕಳಿಸಿ.