ಆರು ಹಗ್ಗ, ಆರು ಜನ

ನಮಸ್ಕಾರ, ಕೇಳುಗರೇ.

ಮಗಳ ಮನೆಗೆಂದು ಹೋಗಿ ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನ ಒಂದು ಪುಟ್ಟ ಹಳ್ಳಿಯಲ್ಲಿ ಮೂರು ತಿಂಗಳು ಇದ್ದೆ. ಮೊದಲ ವಾರ ಬೀದಿಯಲ್ಲಿ ಜನರೇ ಕಾಣಲಿಲ್ಲ. ಎಲ್ಲ ಮನೆಯ ಬಾಗಿಲೂ ಮುಚ್ಚಿರುತ್ತಿತ್ತು. ಇಲ್ಲಿ ಮಗಳು ಯಾರ ಜೊತೆ ಮಾತಾಡ್ತಾಳೋ ಅಂತ ಚಿಂತೆಯಾಯಿತು. ಗುರುವಾರ ಸಂಜೆ ಚರ್ಚಿನ ಗಂಟೆಗಳು ಮೊಳಗತೊಡಗಿದವು. ಅದು ಪ್ರಾರ್ಥನೆಯ ಹೊತ್ತಲ್ಲ. ‘ಅಭ್ಯಾಸ ಮಾಡ್ತಿದ್ದಾರಮ್ಮ, ಬಾ ನೋಡೋಣ’ ಅಂದಳು ಮಗಳು.

ಕಿರಿದಾದ ಸುರುಳಿ ಮೆಟ್ಟಿಲು ಹತ್ತಿದೆವು. ಮೇಲೊಂದು ಚಿಕ್ಕ ಕೋಣೆ. ಚಾವಣಿಯಿಂದ ಆರು ಹಗ್ಗ ಇಳಿಬಿಟ್ಟಿವೆ. ಪ್ರತಿ ಹಗ್ಗಕ್ಕೂ ಕೈಹಿಡಿಯುವ ಕಡೆ ಕೆಂಪು, ಬಿಳಿ, ನೀಲಿ ಉಣ್ಣೆಯ ದಪ್ಪ ಹಿಡಿ. ಅದಕ್ಕೆ ‘ಸ್ಯಾಲಿ’ ಅನ್ನುತ್ತಾರೆ. ಹಗ್ಗಕ್ಕೊಬ್ಬರು ನಿಂತಿದ್ದರು. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಶಾಲೆಯ ಹುಡುಗಿ, ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ‘ಲುಕ್ ಟು!’, ಅಂದರೆ ಸಿದ್ಧರಾಗಿ, ಅಂತ ಕೂಗಿದರು ಅಜ್ಜಿ. ಎಲ್ಲರ ಕೈಯೂ ಸ್ಯಾಲಿ ಹಿಡಿಯಿತು.

ಅಷ್ಟು ಭಾರದ ಗಂಟೆಯನ್ನು ಈ ಅಜ್ಜಿ ಹೇಗೆ ಎಳೆಯುತ್ತಾರೆ? ಗಂಟೆಗೆ ಒಂದು ದೊಡ್ಡ ಚಕ್ರ ಕಟ್ಟಿರುತ್ತದೆ. ಬಾಯಿ ಮೇಲೆ ಮಾಡಿ ನಿಂತ ಗಂಟೆ ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬಂದು ನಿಲ್ಲುತ್ತದೆ. ಇದಕ್ಕೆ ಬಲ ಬೇಕಿಲ್ಲ, ಹದ ಬೇಕು. ಅವರು ಬಾರಿಸುವುದು ಹಾಡಿನ ರಾಗವನ್ನೂ ಅಲ್ಲ. ಪ್ರತಿ ಸುತ್ತಿಗೂ ಗಂಟೆಗಳ ಸರದಿ ಬದಲಾಗುತ್ತದೆ. ಆರು ಗಂಟೆಗಳಿಗೆ 720 ಸರದಿ. ಏಳಾದರೆ 5,040. ಅಷ್ಟನ್ನೂ ಬಾರಿಸಿ ಮುಗಿಸಲು ಸುಮಾರು ಮೂರು ತಾಸು ಬೇಕು. ಮುಂದೆ ಹಾಳೆ ಇಟ್ಟುಕೊಳ್ಳುವ ಹಾಗಿಲ್ಲ, ಎಲ್ಲ ಬಾಯಿಪಾಠ. ಒಬ್ಬರು ಬರದಿದ್ದರೆ ಅವರ ಗಂಟೆ ಅವತ್ತು ಸುಮ್ಮನೆ ನಿಲ್ಲಬೇಕು.

ಹಾಗೆ ಸುಮ್ಮನಾದ ಕಾಲವೂ ಇತ್ತು. ಎರಡನೇ ಮಹಾಯುದ್ಧದ ಹೊತ್ತು, 1940ರಲ್ಲಿ, ಶತ್ರುಸೇನೆ ಬಂದಿಳಿದರೆ ಮಾತ್ರ ಬಾರಿಸಬೇಕೆಂದು ದೇಶದ ಚರ್ಚು ಗಂಟೆಗಳನ್ನೆಲ್ಲ ನಿಲ್ಲಿಸಿದರು. 1942ರ ನವೆಂಬರಿನಲ್ಲಿ, ಈಜಿಪ್ಟಿನ ಎಲ್ ಅಲಮೈನ್ ಕದನದ ಗೆಲುವಿಗೆ ಅವು ಮತ್ತೆ ಮೊಳಗಿದವು. ಅದಕ್ಕೂ ಹಿಂದಿನ ಮೊದಲನೇ ಮಹಾಯುದ್ಧದಲ್ಲಿ ಸುಮಾರು 1,400 ಗಂಟೆಗಾರರು ಮಡಿದಿದ್ದರು. ಆ ಯುದ್ಧ ಮುಗಿದು ನೂರು ವರ್ಷವಾದಾಗ, 2018ರಲ್ಲಿ, ಅಷ್ಟೇ ಹೊಸಬರಿಗೆ ಹಗ್ಗ ಕೊಡಬೇಕೆಂದು ಊರೂರಲ್ಲಿ ಜನರನ್ನು ಕರೆದರು. ಇದನ್ನು ಕೇಳಿ ನನಗೆ ಕಣ್ಣು ತುಂಬಿತು. ಸತ್ತವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಬಹುದು. ಆದರೆ ಅವರು ಹಿಡಿದಿದ್ದ ಹಗ್ಗವನ್ನು ಇನ್ನೊಬ್ಬರು ಹಿಡಿಯೋದು ಬೇರೇನೇ ಅಲ್ವಾ?

ಆಮೇಲೆ ಅಲ್ಲಿನ ಊರ ಸಭಾಂಗಣಕ್ಕೂ ಹೋಗುತ್ತಿದ್ದೆ. ಮಕ್ಕಳ ಆಟ, ಹೂವಿನ ಪ್ರದರ್ಶನ, ಮಹಿಳೆಯರ ‘ವಿಮೆನ್ಸ್ ಇನ್‌ಸ್ಟಿಟ್ಯೂಟ್’ ಸಭೆ ಎಲ್ಲವೂ ಅಲ್ಲೇ. ಈ ಸಂಘ ಕೆನಡಾದಲ್ಲಿ 1897ರಲ್ಲಿ ಶುರುವಾಗಿ, 1915ರಲ್ಲಿ ಬ್ರಿಟನ್ನಿಗೆ ಬಂತು. ಯುದ್ಧಕಾಲದಲ್ಲಿ ಊಟಕ್ಕೆ ಬೇಕಾದ್ದನ್ನು ಊರಲ್ಲೇ ಬೆಳೆಯುವುದು ಅದರ ಮೊದಲ ಕೆಲಸಗಳಲ್ಲೊಂದು. ಸಭಾಂಗಣದ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಯಾವ ವಾರ ಯಾರು ಚಹಾ ಮಾಡಬೇಕು, ಯಾರು ಕಪ್ಪು ತೊಳೆಯಬೇಕು ಅನ್ನುವ ಪಟ್ಟಿ. ಹೊಸದಾಗಿ ಬಂದವರ ಹೆಸರನ್ನೂ ಕೆಳಗೆ ಪೆನ್ಸಿಲ್‌ನಲ್ಲಿ ಸೇರಿಸಿದ್ದರು.

ಅಭ್ಯಾಸ ಮುಗಿದ ಮೇಲೆ ಗಂಟೆಗಾರರೆಲ್ಲ ಎದುರಿನ ಪಬ್ಬಿಗೆ ಹೋಗುವುದು ರೂಢಿ. ನಾವೂ ಹೋದೆವು. ಅಜ್ಜಿ ಮಗಳ ಪಕ್ಕ ಕೂತು, ‘ಮೂರನೇ ಗಂಟೆಯವರು ಊರು ಬಿಟ್ಟು ಹೋಗ್ತಿದ್ದಾರೆ. ನೀನು ಬರ್ತೀಯಾ?’ ಅಂತ ಕೇಳಿದರು. ಯಾವ ದೇಶ, ಯಾವ ಧರ್ಮ ಅಂತ ವಿಚಾರಿಸಲಿಲ್ಲ. ಗುರುವಾರ ಸಂಜೆ ಬಿಡುವಿದೆಯಾ ಅಂತಷ್ಟೇ ಕೇಳಿದರು.

ಇದಾಗಿ ಎರಡು ವರ್ಷವಾಯಿತು. ಈಗ ಶುಕ್ರವಾರ ಫೋನ್ ಮಾಡಿದರೆ ಅವಳ ಮೊದಲ ಮಾತೇ ಹಿಂದಿನ ರಾತ್ರಿಯ ಗಂಟೆಯದು. ಮೂರನೇ ಹಗ್ಗ ಈಗ ಅವಳದು.