ಸರ್ಟಿಫಿಕೇಟು ಆಮೇಲೆ, ಮೊದಲು ಒಂದು ಪುಟ ತೋರಿಸಿ

ಆಕಾಶವಾಣಿ ಕೇಳುಗರಿಗೆಲ್ಲ ನಮಸ್ಕಾರ. ಗಾಂಧಿ ಬಜಾರಿನ ಅಂಗಡಿಯಲ್ಲಿ ಬಿಲ್ ಬರೆಯುತ್ತಾ ಇದನ್ನು ಕೇಳುತ್ತಿರುವವರು ಇರಬಹುದು. ಸಾಗರದ ಕಡೆ ಅತಿಥಿ ಶಿಕ್ಷಕಿಯಾಗಿದ್ದು, ಸಂಬಳ ಯಾವಾಗ ಬರುತ್ತೋ ಎಂದು ಕಾಯುತ್ತಿರುವವರೂ ಇರಬಹುದು. ಕೋಡಿಂಗ್ ಬೂಟ್‌ಕ್ಯಾಂಪ್ ಸೇರಿ ವೆಬ್ ಡೆವಲಪರ್, ಅಂದರೆ ವೆಬ್‌ಸೈಟ್ ಮಾಡುವವರು, ಆಗಬಹುದಾ ಎಂದು ನನ್ನನ್ನು ಕೇಳುವವರು ಹೆಚ್ಚಾಗಿ ನಿಮ್ಮಂಥವರೇ.

ಆಗಬಹುದು. ಈ ಪಾಠ ಹೇಳಿಕೊಡುವವನಾಗಿ ನನ್ನದು ಒಂದೇ ಮಾತು. ಒಂದು ವೆಬ್ ಪುಟ ಮಾಡಿ. ನಿಮಗೆ ಗೊತ್ತಿರುವ ಯಾರಾದರೂ ಒಬ್ಬರು ಅದನ್ನು ನಿಜವಾಗಿ ಬಳಸಬೇಕು, ಅಷ್ಟೇ.

ಬೂಟ್‌ಕ್ಯಾಂಪ್ ಅಂದರೆ ಕೆಲವೇ ತಿಂಗಳ ಗಡಿಬಿಡಿ ಕೋರ್ಸು. ಅಲ್ಲಿ ಕಲಿಸುವ ಕೋಡಿಂಗ್ ಅಂದರೆ ಏನು ಮಾಡಬೇಕು ಎಂದು ಕಂಪ್ಯೂಟರಿಗೆ ಬರೆದು ಹೇಳುವುದು. ಪುಟದಲ್ಲಿ ಏನಿರಬೇಕು ಎಂದು ಹೇಳುವುದು ಎಚ್‌ಟಿಎಂಎಲ್. ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್. ಬಟನ್ ಒತ್ತಿದರೆ ಏನಾಗಬೇಕು ಎನ್ನುವುದು ಜಾವಾಸ್ಕ್ರಿಪ್ಟ್. ಈ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು 1995ರಲ್ಲಿ ಬ್ರೆಂಡನ್ ಐಕ್ ಎನ್ನುವವರು ಹತ್ತೇ ದಿನದಲ್ಲಿ ಬರೆದರು. ಅದಕ್ಕೆ ಕೆಲವು ವಿಚಿತ್ರ ಬುದ್ಧಿ ಇನ್ನೂ ಇದೆ.

ಅದಕ್ಕೊಂದು ಪ್ರಸಂಗ ಹೇಳಲೇಬೇಕು. ನಮ್ಮ ಕ್ಲಾಸಿಗೆ ಹೊಸನಗರ ಕಡೆಯವರೊಬ್ಬರು ಬರುತ್ತಿದ್ದರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕ್ಲಾಸಿನ ಹುಡುಗರೆಲ್ಲ ವಿಡಿಯೋ ನೋಡಿಕೊಂಡು ಪಿಜ್ಜಾ ಅಂಗಡಿಯ ಪುಟ ಮಾಡುತ್ತಿದ್ದರು. ಎಲ್ಲರದ್ದೂ ಅದೇ ಪಿಜ್ಜಾ! ಇವರು ಮಾತ್ರ ಮಂಡಿಗೆ ಬೇಕಾದದ್ದು ಮಾಡಲು ಕೂತರು. ರಾಶಿ, ಬೆಟ್ಟೆ, ಗೊರಬಲು, ಸರಕು ಎನ್ನುವ ಅಡಿಕೆ ಬಗೆಗಳಲ್ಲಿ ಯಾವುದು ಎಂದು ಆರಿಸಬೇಕು. ಚೀಲದ ತೂಕ ಹಾಕಬೇಕು, ಕ್ವಿಂಟಾಲಿಗೆ ದರ ಹಾಕಬೇಕು, ರೈತನಿಗೆ ಎಷ್ಟು ಎಂದು ಬರಬೇಕು.

ಒಂದು ಚೀಲಕ್ಕೆ 65 ಕೆಜಿ, ಇನ್ನೊಂದಕ್ಕೆ 70 ಕೆಜಿ ಹಾಕಿ ಬಟನ್ ಒತ್ತಿದರು. ಒಟ್ಟು ತೂಕ 6570 ಕೆಜಿ ಎಂದು ಬಂತು! ಪಕ್ಕದ ಹುಡುಗರಿಗೆ ತಪ್ಪೇ ಕಾಣಲಿಲ್ಲ. ಬಣ್ಣ ಚೆನ್ನಾಗಿದೆ ಎಂದರು. ಇವರು ಮಾತ್ರ, "ಸಾರ್, ಎರಡು ಚೀಲಕ್ಕೆ ಒಂದು ಲಾರಿ ಲೋಡು ತೋರಿಸ್ತಿದೆ" ಎಂದು ನಕ್ಕರು. ಆಗಿದ್ದಿಷ್ಟೇ. ಪುಟದ ಬಾಕ್ಸಿನಲ್ಲಿ ಟೈಪ್ ಮಾಡಿದ್ದನ್ನು ಜಾವಾಸ್ಕ್ರಿಪ್ಟ್ ಅಂಕಿ ಎಂದು ನೋಡುವುದಿಲ್ಲ, ಅಕ್ಷರ ಎಂದು ನೋಡುತ್ತದೆ. ಕೂಡಿಸು ಎಂದರೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತದೆ. ಮೊದಲು ಅದನ್ನು ಅಂಕಿಯಾಗಿ ಬದಲಿಸಬೇಕು. ಬದಲಿಸಿದರು, 135 ಬಂತು. ಆಮೇಲೆ ಖಾಲಿ ಚೀಲದ ತೂಕ ಕಳೆಯುವುದು ಬಿಟ್ಟುಹೋಗಿದೆ ಎಂದು ಮಂಡಿ ಸಾಹುಕಾರರೇ ತೋರಿಸಿದರು. ಅದನ್ನೂ ಸೇರಿಸಿದರು.

ಇಂಟರ್‌ವ್ಯೂನಲ್ಲಿ ಪಿಜ್ಜಾ ಬಗ್ಗೆ ಯಾರು ತಾನೇ ಕೇಳುತ್ತಾರೆ? ಇವರಿಗೆ ಕೇಳಿದ್ದು ಬರೀ ಈ ಪುಟದ ಬಗ್ಗೆ. ದರ ದಿನಾ ಬದಲಾದರೆ ಏನು ಮಾಡಿದಿರಿ, ಮೊಬೈಲಿನಲ್ಲಿ ಹೇಗೆ ಕಾಣುತ್ತೆ, ಯಾರು ಬಳಸುತ್ತಾರೆ. ಎಲ್ಲಕ್ಕೂ ಉತ್ತರ ಇತ್ತು. ಕೆಲಸ ಸಿಕ್ಕಿತು. ಅದಕ್ಕೇ ಹೇಳಿದ್ದು, ಒಬ್ಬರಾದರೂ ಬಳಸುವ ಪುಟ ಮಾಡಿ. ಸುಮ್ನೆ ಸರ್ಟಿಫಿಕೇಟು ಗುಡ್ಡೆ ಹಾಕಬೇಡಿ.

ಸಮಯ ಆಗುತ್ತಾ ಬಂತು ಎಂದು ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಫೀಸು ಕಟ್ಟುವ ಮೊದಲು, ಕೋಡಿಂಗ್ ಕಲಿಸುವ ವೆಬ್‌ಸೈಟ್ ಆದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಒಂದು ತಿಂಗಳು ಕಲಿತು ನೋಡಿ, ಅದು 2014ರಿಂದ ಪೂರ್ತಿ ಉಚಿತ. ಪುಟವನ್ನು ಇಂಟರ್ನೆಟ್ಟಿಗೆ ಹಾಕಲು ಗಿಟ್‌ಹಬ್ ಪೇಜಸ್ ಇದೆ, ಅದಕ್ಕೂ ದುಡ್ಡಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಯಿತು ಎನ್ನಬೇಡಿ. ಪುಟ ಬರೆದು ಬ್ರೌಸರಿನಲ್ಲಿ ತೆರೆದು ನೋಡಲು ನೆಟ್ ಬೇಕಾಗಿಯೇ ಇಲ್ಲ. ಇಂಗ್ಲಿಷ್ ಭಯವೂ ಬೇಡ, ಕೋಡಿನಲ್ಲಿ ಮತ್ತೆ ಮತ್ತೆ ಬರುವುದು ಅವೇ ಕೆಲವು ಪದ.

ಇನ್ನು, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಎಂದು ದಯವಿಟ್ಟು ಕೇಳಬೇಡಿ. ಮನೆಯಲ್ಲಿರುವ ಹಳೆಯದು ಆನ್ ಆಗುತ್ತಾ? ಅದೇ ಸಾಕು. ನಮಸ್ಕಾರ.